ಭಾವನ ಕೋಲು ಮತ್ತು 16 ಮಿಲಿಮೀಟರ್

ಮಹೀಂದ್ರಾದ ಥಾರ್ ಗಾಡಿಯ ಉದ್ದ 3985 ಮಿಲಿಮೀಟರ್. ಮಾರುತಿಯ ಜಿಮ್ನಿಯ ಉದ್ದವೂ 3985 ಮಿಲಿಮೀಟರ್. ಎರಡು ಕಂಪನಿಯವರೂ ರಾತ್ರಿ ಕೂತು ಮಾತಾಡಿಕೊಂಡು ಮಾಡಿದ್ದಾ ಇದನ್ನು? ಒಂದು ಉದ್ದ, ಒಂದು ಗಿಡ್ಡ ಅಂತಿದ್ದರೆ ನಾನು ಏಪ್ರಿಲ್‌ನಲ್ಲೇ ಯಾವುದೋ ಒಂದನ್ನು ತಂದು, ಟಯರಿನಡಿ ನಿಂಬೆಹಣ್ಣು ಇಟ್ಟು, ಕೆಲಸ ಮುಗಿಸುತ್ತಿದ್ದೆ. ಈಗ ನೋಡಿ, ಕಕ್ಕಡ ತಿಂಗಳ ಮಳೆ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆ, ಹಿಡಿದು ಕೂತಿದೆ. ಅಪ್ಪನ ಹಳೆ ಜೀಪಿನ ತಳ ತುಕ್ಕು ತಿಂದು, ಕಾಲಿಡುವ ಜಾಗದಲ್ಲಿ ದಾರಿ ಕಾಣುತ್ತದೆ. ಹೊಸ ಗಾಡಿ ಮಾತ್ರ ಇನ್ನೂ ಮಾತಿನಲ್ಲೇ ಇದೆ.

ನಾಲ್ಕೂ ಚಕ್ರ ಎಳೆಯುವ ಗಾಡಿ ನಮಗೆ ಶೋಕಿಗಲ್ಲ. ತೋಟ ಇರುವುದು ಕೊಡಗಿನ ನಾಪೋಕ್ಲು ಕಡೆ. ಡಾಂಬರು ರಸ್ತೆ ಬಿಟ್ಟರೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ತೋಡು ದಾಟಿದರೆ ಕೆಂಪು ಮಣ್ಣಿನ ಏರು, ಏರು ಹತ್ತಿದರೆ ಮನೆ. ಮಳೆಗಾಲದಲ್ಲಿ ಆ ಏರು ಮೇಲಿಂದ ಕೆಳಕ್ಕೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ಯಾಸ್ ಸಿಲಿಂಡರ್, ಅಮ್ಮನ ಬಿಪಿ ಮಾತ್ರೆ, ಲೈನ್ ಮನೆಯ ಕೆಲಸದವರ ಅಕ್ಕಿ, ಎಲ್ಲಾ ಅದನ್ನೇ ಹತ್ತಿ ಬರಬೇಕು.

ಆದರೆ ಹಾಕಿ, ಕೋವಿ, ಜೀಪು, ಈ ಮೂರರ ಬಗ್ಗೆ ಕೊಡಗಿನಲ್ಲಿ ಯಾರ ಅಭಿಪ್ರಾಯವನ್ನೂ ಕೇಳಬೇಕಾಗಿಲ್ಲ. ತಾನಾಗಿ ಬರುತ್ತದೆ. ಸಾವಿನ ಮನೆಯಲ್ಲೂ ಬರುತ್ತದೆ. ಮೊನ್ನೆ ಒಬ್ಬರು ಹಾಗೆ ಒಳಗೆ ಹೋಗಿ ಕೈ ಮುಗಿದು, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ, "ಡೀಸೆಲ್ ಬಿಟ್ಟು ಪೆಟ್ರೋಲಿಗೆ ಹೋಗ್ಬೇಡ ಮಾರಾಯ" ಅಂದರು. ಜಿಮ್ನಿ ಬರೀ ಪೆಟ್ರೋಲು, ಥಾರ್ ಎರಡರಲ್ಲೂ ಉಂಟು. ಅವರ ದುಃಖ ಯಾವುದಕ್ಕೆ ಅಂತ ನನಗೆ ಗೊತ್ತಾಗಲಿಲ್ಲ.

ಇವರೆಲ್ಲರಿಗೂ ಮೇಲಿನವರು ನಮ್ಮ ಭಾವ. ಅಕ್ಕನ ಗಂಡ, ಹಾಗಾಗಿ ಎದುರು ಮಾತಾಡುವ ಹಾಗಿಲ್ಲ. ಇರುವುದು ಕುಶಾಲನಗರದಲ್ಲಿ, ಮನೆ ಬಾಗಿಲವರೆಗೂ ಕಾಂಕ್ರೀಟು. ಓಡಿಸುವುದು ಸಣ್ಣ ಕಾರು. ಆ ಕಾರು ನಮ್ಮ ತೋಡು ದಾಟುವುದಿಲ್ಲ ಅಂತ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ಕೊಡೆ ಹಿಡಿದು, ಪ್ಯಾಂಟು ಮಡಚಿ ನಡೆದು ಬರುತ್ತಾರೆ. ಜಗಲಿಯಲ್ಲಿ ಕೂತು, ಕಾಲಿಗೆ ಹತ್ತಿದ ಜಿಗಣೆ ಕಿತ್ತು ಎಸೆಯುತ್ತಾ ಫೋರ್ ವೀಲ್ ಬಗ್ಗೆ ಪಾಠ ಶುರು ಮಾಡುತ್ತಾರೆ.

ಭಾವನಿಗೆ ಎಲ್ಲಿಂದಲೋ 650 ಅನ್ನುವ ಸಂಖ್ಯೆ ಸಿಕ್ಕಿದೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿಯವರೇ ಹೇಳಿದ್ದಾರೆ. ಸರಿ, ಹೇಳಿದ್ದಾರೆ. ಕೇಳಿ ಸುಮ್ನೆ ಇರಬಹುದಿತ್ತು, ಅಲ್ವಾ? ಇಲ್ಲ. ನಮ್ಮದೇ ತೋಟದಿಂದ ಕಾಫಿ ಗಿಡದ ಕೋಲೊಂದನ್ನು ಕಡಿದು, ಸಿಪ್ಪೆ ಸುಲಿದು, ಟೇಪು ಹಿಡಿದು 650ಕ್ಕೆ ಕತ್ತಿಯಲ್ಲಿ ಕಚ್ಚು ಹಾಕಿದರು. ಕಚ್ಚಿಗೆ ಕೆಂಪು ಪೈಂಟು ಬಳಿದರು. ಪೈಂಟು ಒಣಗುವ ಮೊದಲೇ ತೋಡಿಗೆ ಹೊರಟರು.

ಅದು ಬೇಸಿಗೆ. ಕೋಲಿನ ತುದಿ ಮಾತ್ರ ಒದ್ದೆಯಾಯಿತು. "ಮಳೆ ಬರ್ಲಿ" ಅಂದರು.

ಮಳೆ ಬಂತು. ಜುಲೈಯಲ್ಲಿ ಭಾವನೂ ಬಂದರು, ಕೋಲು ಸಮೇತ. ಇಬ್ಬರೂ ತೋಡಿನ ದಡಕ್ಕೆ ಹೋದೆವು, ಅಂದರೆ ದಡ ಇರಬೇಕಾಗಿದ್ದ ಜಾಗಕ್ಕೆ. ನೀರು ಪಕ್ಕದ ಗದ್ದೆಯನ್ನೂ ಸೇರಿಸಿಕೊಂಡು ಹೋಗುತ್ತಿತ್ತು. ಬುಡ ಸಮೇತ ಕಿತ್ತುಬಂದ ಬಾಳೆಗಿಡವೊಂದು ನಮ್ಮೆದುರೇ ನೆಟ್ಟಗೆ ನಿಂತುಕೊಂಡು ಸಾಗಿ ಹೋಯಿತು. ಭಾವ ಬಗ್ಗಿ ಕೋಲು ಇಳಿಸಿದರು. ಕೆಂಪು ಗುರುತು ಮುಳುಗಿತು. ಕೋಲು ಪೂರ್ತಿ ಮುಳುಗಿತು. ಭಾವನ ಕೈ ಮೊಣಕೈವರೆಗೆ ಮುಳುಗಿತು. ನಾನು ಹಿಂದಿನಿಂದ ಅವರ ಬೆಲ್ಟು ಹಿಡಿದುಕೊಂಡು ಅಕ್ಕನಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೆ.

"650 ದಾಟಿದೆ" ಅಂದರು, ತಿರುಗಿ ನೋಡಿ, ಬಹಳ ಗಂಭೀರವಾಗಿ.

ನಮ್ಮ ತೋಡು ಇರುವುದೇ ಹಾಗೆ. ಮೇ ತಿಂಗಳಲ್ಲಿ ಕೋಳಿ ದಾಟುತ್ತದೆ. ಜುಲೈಯಲ್ಲಿ ಆನೆ ಯೋಚನೆ ಮಾಡುತ್ತದೆ. ನಡುವಿನ 650 ಮಿಲಿಮೀಟರ್, ನೀರು ಏರುವಾಗಲೋ ಇಳಿಯುವಾಗಲೋ, ನಾವೆಲ್ಲಾ ಮಲಗಿರುವ ಹೊತ್ತಿಗೆ ಬಂದು ಹೋಗುತ್ತದೆ ಅಂತ ಕಾಣುತ್ತದೆ. ಆಗ ಎದ್ದು ದಾಟುವುದಕ್ಕಾಗಿ ನಾನು ಲಕ್ಷಗಟ್ಟಲೆ ಸಾಲ ಮಾಡಬೇಕು ಅನ್ನುವುದು ಭಾವನ ವಾದ.

ಕೋಲಿಗೆ ಈಗ ಇನ್ನೆರಡು ಕಚ್ಚು ಬಿದ್ದಿವೆ. 226ಕ್ಕೆ ಒಂದು, ಅದು ಥಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ. 210ಕ್ಕೆ ಒಂದು, ಅದು ಜಿಮ್ನಿಯದ್ದು. ನಡುವೆ 16 ಮಿಲಿಮೀಟರ್, ನನ್ನ ಒಂದು ಬೆರಳಿನಗಲ. ವಿರಾಜಪೇಟೆಯಲ್ಲಿ ಒಂದು ಮದುವೆಗೆ ಭಾವನ ಕಾರಿನಲ್ಲೇ ಹೊರಟಿದ್ದೆವು. ಮಳೆಗೆ ರಸ್ತೆ ಕಿತ್ತುಹೋಗಿತ್ತು. ದೊಡ್ಡ ಗುಂಡಿ ಕಂಡಲ್ಲೆಲ್ಲಾ ಕಾರು ನಿಲ್ಲುತ್ತದೆ, ಭಾವ ಕೋಟು ಸಮೇತ ಇಳಿಯುತ್ತಾರೆ, ಕೋಲು ಇಡುತ್ತಾರೆ, ಕೆಸರು ಒರೆಸುತ್ತಾರೆ, ಬಂದು ಕೂರುತ್ತಾರೆ. "ಇದು ಎರಡಕ್ಕೂ ತಾಗುವುದಿಲ್ಲ." ಮುಂದಿನ ಗುಂಡಿ. "ಇದೂ ತಾಗುವುದಿಲ್ಲ." ಕಡೆಗೆ ಒಂದು ಗುಂಡಿಯ ಹತ್ತಿರ ಮಳೆಯಲ್ಲೇ ನಿಂತು ನನ್ನನ್ನು ಕೈಬೀಸಿ ಕರೆದರು. ಮುಖದಲ್ಲಿ ಗೆದ್ದ ಕಳೆ. "ನೋಡು, ನೋಡು! ಸರಿಯಾಗಿ ಎರಡು ಕಚ್ಚಿನ ಮಧ್ಯೆ!" ನಾವು ಮಂಟಪ ತಲುಪುವಾಗ ಪಂದಿಕರಿಯಲ್ಲಿ ಬರೀ ಗ್ರೇವಿ ಉಳಿದಿತ್ತು. ಈ ವಿಷಯಕ್ಕೆ ಮಾತ್ರ ನಾನು ಭಾವನನ್ನು ಇನ್ನೂ ಕ್ಷಮಿಸಿಲ್ಲ.

ಓಡಿಸಿ ನೋಡಿಯೇ ನಿರ್ಧಾರ ಮಾಡೋಣ ಅಂತ ಶೋರೂಮಿಗೆ ಹೋದರೆ ಅಲ್ಲಿ ಇನ್ನೊಂದು ಕಥೆ. ಗೋಡೆ ತುಂಬಾ ಗಾಡಿ ಬಂಡೆ ಹತ್ತುವ ಫೋಟೋ, ಕೆಸರು ಹಾರಿಸುವ ಫೋಟೋ. ಟೆಸ್ಟ್ ಡ್ರೈವಿಗೆ ಕೂತ ಕೂಡಲೇ ಹುಡುಗ ನಯವಾಗಿ, "ಸರ್, ಮಣ್ಣಿಗೆ ಇಳಿಸ್ಬೇಡಿ, ತೊಳೆಯೋರು ಇವತ್ತು ರಜೆ" ಅಂದ. ಫೋರ್ ವೀಲ್ ಹಾಕುವ ಸಣ್ಣ ಗೇರಿನ ಕಡ್ಡಿಗೆ ಕೈ ಹೋಯಿತು. "ಅದು ಬೇಡ ಸರ್." ಹೈವೇಯಲ್ಲಿ ಪೆಟ್ರೋಲ್ ಬಂಕ್ ತನಕ ಹೋಗಿ ತಿರುಗಿ ಬಂದೆ. ಬಹಳ ಚೆನ್ನಾಗಿ ಹೋಯಿತು. ಭಾವನ ಕಾರೂ ಹೋಗುತ್ತದೆ ಅಲ್ಲಿ.

ಇನ್ನು ವಾರದ ಕೊನೆಗೆ ಬರುವವರ ವಿಷಯ. ನಮ್ಮ ಏರಿನಾಚೆ ಒಂದು ಹೋಮ್‌ಸ್ಟೇ ಆಗಿದೆ. ಹೋದ ಶನಿವಾರ ಮೈ ತುಂಬಾ ಸ್ಟಿಕ್ಕರ್ ಹಚ್ಚಿಕೊಂಡ ಥಾರ್ ಒಂದು ಏರಿನ ನಡುವೆ ಚಕ್ರ ತಿರುಗಿಸುತ್ತಾ ನಿಂತಿತ್ತು. ನಾಲ್ಕು ಜನ ತಳ್ಳುತ್ತಿದ್ದರು, ಐದನೆಯವನು ವಿಡಿಯೋ ಮಾಡುತ್ತಿದ್ದ. 2023ರಿಂದ ಹಿಂದಿನ ಎರಡೇ ಚಕ್ರ ಎಳೆಯುವ ಥಾರೂ ಸಿಗುತ್ತದೆ, ಹೊರಗಿಂದ ನೋಡಿದರೆ ವ್ಯತ್ಯಾಸ ಬೇಗ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಪಕ್ಕದ ತೋಟದ ಮಾವ ತಮ್ಮ ಹಳೆ ಮಾರುತಿ 800ನ್ನು ರಿವರ್ಸ್ ಗೇರಿಗೆ ಹಾಕಿ, ಹಿಂದುಹಿಂದಕ್ಕೆ ಏರು ಹತ್ತಿಸಿ, ಅವರ ಪಕ್ಕದಿಂದಲೇ ಮೇಲಕ್ಕೆ ಹೋದರು. ಆ ಕಾರಿನಲ್ಲಿ ಎಳೆಯುವುದು ಮುಂದಿನ ಚಕ್ರ. ತಿರುಗಿಸಿ ನಿಲ್ಲಿಸಿದರೆ ಅದು ಇಳಿಜಾರಿನ ಕಡೆಗೆ ಬಂದು ಭಾರವೆಲ್ಲಾ ಅದರ ಮೇಲೆ ಬೀಳುತ್ತದೆ, ಹಿಡಿತ ಸಿಗುತ್ತದೆ. ಮಾವ ಕಿಟಕಿಯಿಂದ ಕೈಯನ್ನೂ ಬೀಸಿದರು. ಬೇಕಿರಲಿಲ್ಲ.

ಅಮ್ಮನ ಲೆಕ್ಕವೇ ಬೇರೆ. ಮೂರು ಬಾಗಿಲಿನ ಥಾರಿನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಸರಿಸಿ, ಸೀರೆ ಎತ್ತಿ ಹಿಡಿದು ನುಸುಳಬೇಕು. ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂತು, ಅದರ ಬೆಲೆ ಕೇಳಿದ ಮೇಲೆ ಅಮ್ಮನಿಗೆ ನುಸುಳುವುದು ಅಷ್ಟೇನೂ ಕಷ್ಟ ಅನ್ನಿಸಲಿಲ್ಲ. ಜಿಮ್ನಿಗೆ ಐದು ಬಾಗಿಲು ಉಂಟು. ಆದರೆ ಸೀಟು ಅದರಲ್ಲೂ ನಾಲ್ಕೇ, ಥಾರಿನಲ್ಲೂ ನಾಲ್ಕೇ. ನಾನು, ಹೆಂಡತಿ, ಮಗಳು, ಅಮ್ಮ. ಅಮ್ಮ ಬೆರಳು ಮಡಚಿ ಎಣಿಸಿ, ದನಿ ತಗ್ಗಿಸಿ ಕೇಳಿದರು, "ಅಳಿಯಂದಿರಿಗೆ ಜಾಗ ಇಲ್ಲ ತಾನೆ? ಹಾಗಾದ್ರೆ ಯಾವುದಾದ್ರೂ ಸರಿ ಮಗ."

ನನ್ನ ಮನಸ್ಸಿನಲ್ಲಿ ಇರುವುದು ಅಗಲ. ಉದ್ದದಲ್ಲಿ ಒಂದಾದ ಈ ಎರಡೂ ಗಾಡಿ ಅಗಲದಲ್ಲಿ ಬೇರೆ. ಥಾರ್ 1820 ಮಿಲಿಮೀಟರ್, ಜಿಮ್ನಿ 1645. ಮನೆಯ ಗೇಟು ಕಟ್ಟಿಸಿದ್ದು ಅಜ್ಜ. ಕಲ್ಲಿನ ಎರಡು ಕಂಬ, ನಡುವೆ ಆರಡಿ, ಅಂದರೆ 1829. ಕನ್ನಡಿ ಮಡಚಿದರೂ ಥಾರಿಗೆ ಉಳಿಯುವುದು ಆಚೆ ಒಂಚೂರು, ಈಚೆ ಒಂಚೂರು. ಪಿಕಪ್‌ಗಳು ಹಿಂದಿನ ದಾರಿಯಲ್ಲಿ ಕಣಕ್ಕೆ ಹೋಗುತ್ತವೆ, ಅವುಗಳ ಚಿಂತೆ ಇಲ್ಲ. ಕಂಬ ಕೆಡವು ಅನ್ನುತ್ತಾರೆ ಭಾವ. ಎಡಗಡೆ ಕಂಬದ ಸಿಮೆಂಟಿನಲ್ಲಿ ಅಜ್ಜ ಬೆರಳಿನಿಂದ ಬರೆದ ಇಸವಿ ಇದೆ. ಬಲಗಡೆಯದರಲ್ಲಿ ಅಪ್ಪ ಜೀಪು ಕಲಿಯುವಾಗ ಬಿದ್ದ ಗೀರು ಇದೆ. ಆ ಜೀಪಿನ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಅಂತ ಅಪ್ಪನಿಗೆ ಕೊನೆವರೆಗೂ ಗೊತ್ತಿರಲಿಲ್ಲ. ಕಾಫಿ ಮೂಟೆ, ಮದುಮಗಳು, ಹೆರಿಗೆ ನೋವು ಬಂದವರು, ಎಲ್ಲರೂ ಆ ಟಾರ್ಪಾಲಿನಡಿಯಲ್ಲಿ ಕೂತು ಹೋದವರೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದಾಗ ಅಪ್ಪ ಜೀಪು ಹೊರಗೆ ತೆಗೆದು, ಸ್ವಲ್ಪ ದೂರ ಹೋಗಿ, ತಿರುಗಿಸಿಕೊಂಡು ಬಂದರು. ಫೋರ್ ವೀಲ್ ಹಾಕಲಿಕ್ಕೂ ಕೆಳಗೆ ನೆಲ ಬೇಕಲ್ಲ ಅಂದಿದ್ದರು. ಆ ವರ್ಷ ಯಾರೂ ಗಾಡಿ ವಿಷಯ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಭಾವನಿಗೆ ಫೋನ್ ಮಾಡಿದೆ. ಗೇಟು ಕೆಡವುವುದಿಲ್ಲ, ಜಿಮ್ನಿಯನ್ನೇ ಬುಕ್ ಮಾಡುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ.

"ಒಂದು ವಾರ ತಡಿ" ಅಂದರು. "ಗೂರ್ಖಾ ಅಂತ ಇನ್ನೊಂದು ಉಂಟು. ಅದು 700 ಮಿಲಿಮೀಟರ್ ನೀರಲ್ಲಿ ಹೋಗ್ತದೆ. ಹಳೆ ಕೋಲು ಸಾಕಾಗುವುದಿಲ್ಲ. ನಿಮ್ಮ ತೋಟದಲ್ಲಿ ಉದ್ದದ ರೊಬಸ್ಟಾ ಕೊಂಬೆ ಯಾವುದಾದ್ರೂ ಇದ್ರೆ ನೋಡಿಡು, ಭಾನುವಾರ ಬರ್ತೇನೆ."