ಬಿಟ್ಟು ಹೋದ ಅಪ್ಪನಿಗೂ ನೋಟಿಸ್ ಹೋಗಲೇಬೇಕು

ಮಲತಂದೆ ಮಗುವನ್ನು ದತ್ತು ತೆಗೆದುಕೊಳ್ಳೋ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅಪ್ಪ ವರ್ಷಗಟ್ಟಲೆ ಪತ್ತೆ ಇಲ್ಲದಿದ್ದರೆ ಅವನ ಹಕ್ಕು ತಾನಾಗಿಯೇ ಹೋಗುತ್ತದೆ, ಮಲತಂದೆ ಸಲೀಸಾಗಿ ದತ್ತು ತೆಗೆದುಕೊಳ್ಳಬಹುದು ಅಂತ ಬರೆದಿದ್ದೀರಲ್ಲ, ಅದು ತಪ್ಪು. ಸಾಮಾನ್ಯವಾಗಿ ಅವನ ಒಪ್ಪಿಗೆ ಬೇಕು, ಇಲ್ಲವೇ ಒಪ್ಪಿಗೆ ಬೇಕಿಲ್ಲ ಅಂತ ಕೋರ್ಟ್ ಹೇಳಬೇಕು. ಅದಕ್ಕೂ ಮೊದಲು ಅವನಿಗೆ ನೋಟಿಸ್ ಹೋಗಬೇಕು.

ನನ್ನ ಎರಡನೇ ಗಂಡ ನನ್ನ ಮಗಳನ್ನು ದತ್ತು ತೆಗೆದುಕೊಂಡಾಗ ಜಾಸ್ತಿ ಸಮಯ ಹಿಡಿದಿದ್ದೇ ಇಲ್ಲಿ. ಅವಳ ಹೆತ್ತ ಅಪ್ಪನಿಗೆ ನೋಟಿಸ್ ಹೋದ ಲಕೋಟೆ 'ಈ ವಿಳಾಸದಲ್ಲಿ ಇಲ್ಲ' ಅಂತ ಬರೆಸಿಕೊಂಡು 2 ಸಲ ವಾಪಸ್ ಬಂತು, ಸಿಟ್ಟಲ್ಲಿ ಹರಿದು ಬಿಸಾಡೋಣ ಅನ್ನಿಸಿತ್ತು, ಪುಣ್ಯಕ್ಕೆ ಇಟ್ಟುಕೊಂಡಿದ್ದೆ. ಹುಡುಕಿದ್ದೇವೆ ಅನ್ನೋದಕ್ಕೆ ಅದೇ ಸಾಕ್ಷಿ ಆಯಿತು. ಆಮೇಲೆ ಪೇಪರಿನಲ್ಲಿ ಪ್ರಕಟಣೆ ಕೊಡೋಕೆ ಜಡ್ಜ್ ಒಪ್ಪಿದರು. ಅವನ ಕಡೆಯಿಂದ ಒಬ್ಬರೂ ಬರಲಿಲ್ಲ.

ಇನ್ನೊಂದು ವಿಷಯ ನೀವು ಬರೆದೇ ಇಲ್ಲ. ದತ್ತು ಆದ ಮೇಲೆ ಹೆತ್ತ ಅಪ್ಪ ಮುಂದಕ್ಕೆ ಜೀವನಾಂಶ ಕೊಡಬೇಕಾಗಿಲ್ಲ. ಮಲತಂದೆಯೋ, ಕಾಯಂ ಅಪ್ಪ. ನಾಳೆ ಗಂಡ ಹೆಂಡತಿ ಬೇರೆಯಾದರೂ ಮಗುವಿನ ಜವಾಬ್ದಾರಿ ಅವನದ್ದೇ. ಹಳೇ ಗಂಡನ ಮೇಲಿನ ಸೇಡಿಗೆ ಅರ್ಜಿ ಹಾಕೋರು ಇದನ್ನು ಯೋಚನೆ ಮಾಡೋದೇ ಇಲ್ಲ ಅನ್ಸುತ್ತೆ.

ಮತ್ತೆ ಮಗುವನ್ನೂ ಕೇಳಬೇಕು ಅಲ್ವಾ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಅದನ್ನೇ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅಂತ. ನಮ್ಮ ಜಡ್ಜ್ ಮಗಳನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರು. ಹೊರಗೆ ಬಂದವಳು ಕೇಳಿದ್ದು ಒಂದೇ, "ಹಳೇ ಅಪ್ಪನ ಫೋಟೋ ಇಟ್ಕೋಬಹುದಾ ಅಮ್ಮಾ?" ಇಟ್ಕೋ ಅಂದೆ.