ತಂತಿ ಕೊಯ್ಯದೆ ಕ್ಯಾಮೆರಾ ಕೂರಿಸಿ: ನಮ್ಮ ಬಿಸಿಲಿಗೆ ಒಪ್ಪುವ ಡ್ಯಾಶ್‌ಕ್ಯಾಮ್

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಓಡಾಡುವ ಕಾರಿಗೆ, ರಸ್ತೆಯನ್ನು ಸದಾ ವಿಡಿಯೊ ಮಾಡುವ ಡ್ಯಾಶ್‌ಕ್ಯಾಮ್ ಇರಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಸಂಡೂರು–ತೋರಣಗಲ್ಲು ದಾರಿಯಲ್ಲಿ ಅದಿರು ಲಾರಿಗಳ ಸಾಲು, ಸುಗ್ಗಿಯಲ್ಲಿ ಸಿಂಧನೂರು, ಗಂಗಾವತಿ ಸುತ್ತ ಹಿಂದೆ ದೀಪವೇ ಇಲ್ಲದ ಭತ್ತದ ಟ್ರ್ಯಾಕ್ಟರುಗಳು. ಏನಾದರೂ ಆದಾಗ ತಪ್ಪು ಯಾರದು ಎಂಬ ಜಗಳ ರಸ್ತೆ ಮಧ್ಯದಲ್ಲೇ ನಡೆಯುತ್ತದೆ, ಜೋರು ಬಾಯಿ ಇದ್ದವನೇ ಗೆಲ್ಲುತ್ತಾನೆ. ಹಾಕಿಸುವುದರ ಬಗ್ಗೆ ನನ್ನ ತಕರಾರಿಲ್ಲ, ಹಾಕುವ ರೀತಿಯ ಬಗ್ಗೆ ಇದೆ. ನಾನಿರುವ ಇಂಗ್ಲೆಂಡಿನಲ್ಲೂ ನಮ್ಮಂತೆ ಸ್ಟೀರಿಂಗ್ ಬಲಗಡೆಗೇ ಇರುವುದರಿಂದ ಎರಡೂ ಕಡೆಯ ಕೆಲಸವನ್ನು ಪಕ್ಕಪಕ್ಕ ಇಟ್ಟು ನೋಡುವುದು ಸುಲಭ. ಅಲ್ಲಿನ ವೈರಿಂಗ್ ಶಿಸ್ತು ನಮ್ಮಲ್ಲಿಗೆ ಬರಬೇಕು. ನಿಂತ ಕಾರಿನಲ್ಲೂ ಕ್ಯಾಮೆರಾ ಓಡಿಸುವ ಅಲ್ಲಿನ ಪಾರ್ಕಿಂಗ್ ಮೋಡ್ ವ್ಯಾಮೋಹ ನಮಗೆ ಬೇಡ.

ಈಗ ಎಲ್ಲರೂ ಕೇಳುತ್ತಿರುವುದು ಇಂಟಿಗ್ರೇಟೆಡ್ ಕ್ಯಾಮೆರಾ. ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುವ ಪ್ಲಾಸ್ಟಿಕ್ ಕವರನ್ನು ತೆಗೆದು, ಅದೇ ಆಕಾರದ, ಒಳಗೆ ಕ್ಯಾಮೆರಾ ಇರುವ ಕವರ್ ಕೂರಿಸುತ್ತಾರೆ. ಕಂಪನಿಯಿಂದಲೇ ಬಂದಂತೆ ಕಾಣುತ್ತದೆ, ತಂತಿ ಜೋತಾಡುವುದಿಲ್ಲ. ಕರೆಂಟು ಬರುವುದು ಮಳೆ ಸೆನ್ಸರ್ ಇಲ್ಲವೇ ತಾನಾಗಿ ಮಬ್ಬಾಗುವ ಕನ್ನಡಿಯ ಪ್ಲಗ್‌ನಿಂದ: ಆ ಪ್ಲಗ್ ಬಿಚ್ಚಿ, ನಡುವೆ ವೈ ಆಕಾರದ ಕೇಬಲ್ ಸೇರಿಸಿದರೆ ಮುಗಿಯಿತು. ಇಂಗ್ಲೆಂಡಿನಲ್ಲಿ ಮಧ್ಯಮ ದರ್ಜೆಯ ಕಾರಿಗೂ ಮಳೆ ಸೆನ್ಸರ್ ಇರುವುದು ಸಾಮಾನ್ಯ, ಆದ್ದರಿಂದ ಈ ಕಿಟ್ ಸಲೀಸಾಗಿ ಕೂರುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಕೆಳಗಿನ, ಮಧ್ಯದ ವೇರಿಯಂಟುಗಳಲ್ಲಿ ಎಷ್ಟೋ ಸಲ ಬರೀ ಕನ್ನಡಿ, ಪ್ಲಗ್ಗೇ ಇರುವುದಿಲ್ಲ. ಕಿಟ್ ತರಿಸುವ ಮೊದಲು ಕವರ್ ತೆಗೆಸಿ ಪ್ಲಗ್ ಇದೆಯೇ ನೋಡಿ, ಅದರ ಫೋಟೊ ತೆಗೆದು ಪಿನ್ ಎಣಿಸಿ.

ಪ್ಲಗ್ ಇಲ್ಲದಿದ್ದಾಗ ಅಂಗಡಿಯವರು ಮಾಡುವುದು ಒಂದೇ ಕೆಲಸ: ಮೇಲಿನ ಕ್ಯಾಬಿನ್ ಲೈಟಿನ ತಂತಿಯ ಸಿಪ್ಪೆ ಸುಲಿದು, ಕ್ಯಾಮೆರಾದ ತಂತಿ ಸುತ್ತಿ, ಕರಿ ಟೇಪ್ ಹಾಕುವುದು. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಹೊಸ ಕಾರುಗಳಲ್ಲಿ ಆ ಲೈಟನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಚಿಕ್ಕ ಕಂಪ್ಯೂಟರ್ ನಿಯಂತ್ರಿಸುತ್ತದೆ. ಬ್ಯಾಟರಿ ಉಳಿಸಲು ಕೆಲ ನಿಮಿಷಗಳಲ್ಲಿ ಆ ಲೈನನ್ನೇ ಬಂದ್ ಮಾಡುತ್ತದೆ, ಕ್ಯಾಮೆರಾ ಅರ್ಧಕ್ಕೆ ಸತ್ತು ಕೊನೆಯ ಫೈಲ್ ಕೆಡುತ್ತದೆ. ಮಳೆ ಸೆನ್ಸರ್ ಇರುವ ಕಡೆ ಕೊಯ್ದರೆ ಇನ್ನೂ ಅಪಾಯ. ಅಲ್ಲಿ ಸಾಮಾನ್ಯವಾಗಿ ಮೂರು ತಂತಿ: 12 ವೋಲ್ಟ್, ಅರ್ಥ್, ಮೂರನೆಯದು ಲಿನ್ ಎಂಬ ಸಂಕೇತದ ತಂತಿ. ಆ ಮೂರನೆಯದನ್ನು ಮುಟ್ಟಿದರೆ ಬಿಸಿಲಲ್ಲೇ ವೈಪರ್ ಓಡಬಹುದು, ಮೀಟರಿನಲ್ಲಿ ಎಚ್ಚರಿಕೆ ಬರಬಹುದು. ಇನ್ನು ಆ ಕರಿ ಪಿವಿಸಿ ಟೇಪು: ರೂಫ್ ಲೈನಿಂಗ್ ಒಳಗೆ ಒಂದು ಬೇಸಿಗೆ ಕಳೆದ ಮೇಲೆ ತೆಗೆದು ನೋಡಿ. ಅಂಟು ಕರಗಿ ಹೊರಗೆ ಒಸರಿರುತ್ತದೆ, ಟೇಪಿನ ತುದಿ ಬಿಚ್ಚಿಕೊಂಡಿರುತ್ತದೆ, ಒಳಗಿನ ತಾಮ್ರ ಹಸಿರಾಗಿರುತ್ತದೆ. ಕಾರ್ಖಾನೆಯವರು ಸುತ್ತುವುದು ಬಟ್ಟೆಯ ಟೇಪು. ನೀವೂ ಅದನ್ನೇ ಕೇಳಿ.

ಇಂಗ್ಲೆಂಡಿನ ಫಿಟ್ಟರ್ ತಂತಿ ಕೊಯ್ಯುವುದಿಲ್ಲ, ಫ್ಯೂಸ್ ಬಾಕ್ಸಿಗೆ ಹೋಗುತ್ತಾನೆ. ಫ್ಯೂಸ್ ಬಾಕ್ಸಿನಿಂದ ಕ್ಯಾಮೆರಾಕ್ಕೆ ಕರೆಂಟು ತರುವ ಹಾರ್ಡ್‌ವೈರ್ ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ತಂತಿ: ಹಳದಿ ಸದಾ ಕರೆಂಟು ಇರುವ ಫ್ಯೂಸಿಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿಗೆ, ಕಪ್ಪು ಕಾರಿನ ಲೋಹದ ಮೈಗೆ, ಅಂದರೆ ಅರ್ಥ್‌ಗೆ. ಕೆಂಪಿಗೆ ಚಾರ್ಜರ್ ಸಾಕೆಟ್ಟಿನ ಫ್ಯೂಸ್ ಸರಿಯಾದುದು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪವರ್ ಸ್ಟೀರಿಂಗ್ ಫ್ಯೂಸುಗಳ ತಂಟೆಗೆ ಹೋಗಲೇಬಾರದು. ಹಳೆ ಫ್ಯೂಸಿನ ಜಾಗದಲ್ಲಿ ಕೂತು ಎರಡನೇ ಫ್ಯೂಸಿಗೂ ಜಾಗ ಕೊಡುವ ಫ್ಯೂಸ್ ಟ್ಯಾಪ್ ತರುವಾಗ ಜಾತಿ ನೋಡಿ: ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ-2 ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಸಾಕೆಟ್ಟಿನ ಹಲ್ಲು ಅಗಲವಾಗಿ ಮುಂದೆ ಬಿಸಿಯಾಗುತ್ತದೆ. ಟ್ಯಾಪಿಗೆ ದಿಕ್ಕೂ ಇದೆ. ಹಳೆ ಫ್ಯೂಸ್ ಕಿತ್ತು, ಎರಡು ಸೀಳಿನಲ್ಲಿ ಕರೆಂಟು ಬರುವುದು ಯಾವುದೆಂದು ಮಲ್ಟಿಮೀಟರಿನಿಂದ ನೋಡಿ, ಟ್ಯಾಪಿನ ಎರಡೂ ಫ್ಯೂಸಿಗೆ ಕರೆಂಟು ಒಯ್ಯುವ ಕಾಲನ್ನು ಆ ಸೀಳಿಗೇ ಹಾಕಬೇಕು. ತಿರುಗಿಸಿ ಹಾಕಿದರೂ ಕ್ಯಾಮೆರಾ ಓಡುತ್ತದೆ, ಆದರೆ ಅದರ ಹೊರೆಯೂ ಹಳೆ ಫ್ಯೂಸಿನ ಮೇಲೇ ಬೀಳುತ್ತದೆ. ಕ್ಯಾಮೆರಾ ಎಳೆಯುವುದು 1 ಆಂಪಿಗಿಂತ ಕಡಿಮೆ, ಅದರ ಪಾಲಿನ ಫ್ಯೂಸ್ 2 ಅಥವಾ 3 ಆಂಪ್ ಸಾಕು. ಅರ್ಥ್ ತಂತಿಯನ್ನು ಪೇಂಟ್ ಇಲ್ಲದ ಲೋಹಕ್ಕೆ ಕಚ್ಚಿದ ಬೋಲ್ಟಿಗೆ ಕೊಡಿ. ಬ್ಯಾಟರಿಯ ಮೈನಸ್ ಕಂಬಕ್ಕೆ ನೇರ ಕೊಡಬೇಡಿ, ಈಗಿನ ಬಹಳ ಕಾರುಗಳಲ್ಲಿ ಅಲ್ಲಿ ಬ್ಯಾಟರಿ ಸೆನ್ಸರ್ ಇರುತ್ತದೆ, ಅದರ ಲೆಕ್ಕ ತಪ್ಪುತ್ತದೆ.

ಮೇಲಿನಿಂದ ಕೆಳಕ್ಕೆ ತಂತಿ ಇಳಿಯುವುದು ಗಾಜಿನ ಪಕ್ಕದ ಎ-ಪಿಲ್ಲರ್ ಒಳಗೆ. ಕೈ ನಡುಗಬೇಕಾದ ಜಾಗ ಇದು. ಪಕ್ಕದ ಕಿಟಕಿಗೆ ಪರದೆಯಂತೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಪ್ಲಾಸ್ಟಿಕ್ ಹಿಂದೆ ಮಡಚಿಟ್ಟ ಬ್ಯಾಗಿನ ಉದ್ದನೆಯ ಸುರುಳಿ ಇರುತ್ತದೆ. ತಂತಿ ಅದರ ಹಿಂದಿನಿಂದ ಹೋಗಿ, ಕಂಪನಿಯ ವೈರಿಂಗಿನ ಜೊತೆ ಬಟ್ಟೆ ಟೇಪಿನಲ್ಲಿ ಸೇರಬೇಕು. ಮುಂದಿನಿಂದ ಹೋದರೆ ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತಿಗೆ ತಂತಿ ಅಡ್ಡ ಬರುತ್ತದೆ, ಇಲ್ಲವೇ ಮುಖಕ್ಕೆ ಹಾರುತ್ತದೆ. ಪಿಲ್ಲರಿನ ಕ್ಲಿಪ್ಪುಗಳಿಗೆ ಹಲವು ಕಾರುಗಳಲ್ಲಿ ಚಿಕ್ಕ ಬಾಲವಿರುತ್ತದೆ, ಬ್ಯಾಗ್ ಸಿಡಿದಾಗ ಪ್ಲಾಸ್ಟಿಕ್ ತುಂಡು ಹಾರದಂತೆ ಹಿಡಿಯುವುದು ಅದೇ. ಜಗ್ಗಿ ಕಿತ್ತರೆ ಬಾಲ ಹರಿಯುತ್ತದೆ. ಹರಿದರೆ ಹೊಸ ಕ್ಲಿಪ್ಪೇ ಬೇಕು, ಅಂಟು ಹಾಕಿ ಕೂರಿಸುವಂತಿಲ್ಲ. ಇಂಗ್ಲೆಂಡಿನಲ್ಲಿ ಕ್ಲಿಪ್ಪನ್ನು ಮೊದಲೇ ತರಿಸಿಟ್ಟುಕೊಂಡು ಕೆಲಸ ಶುರು ಮಾಡುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ನರ ಕೈಗುಣ ಅವರಿಗಿಂತ ಒಂದು ತೂಕ ಹೆಚ್ಚೇ, ಒಂದೂ ಗೀರಿಲ್ಲದೆ ಟ್ರಿಮ್ ಬಿಚ್ಚುವವರಿದ್ದಾರೆ. ಅವರಿಗೆ ಬೇಕಿರುವುದು ಈ ಮಾಹಿತಿ, ಜೊತೆಗೆ ಗಿರಾಕಿಯ ಅರ್ಧ ದಿನದ ತಾಳ್ಮೆ. "ಒಂದು ತಾಸಿನಾಗ ಮುಗಸ್ರಿ" ಎಂದು ತಲೆ ಮೇಲೆ ನಿಂತರೆ ಟ್ಯಾಪ್ ಹೋಗಿ ಟೇಪೇ ಬರುತ್ತದೆ.

ಆದರೆ ಅಲ್ಲಿಂದ ಕಣ್ಣುಮುಚ್ಚಿ ತರಬಾರದ್ದೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಿಸಿಲಿಗೆ ನಿಂತ ಕಾರಿನ ಗಾಜಿನ ಹತ್ತಿರ 70 ಡಿಗ್ರಿ ಮುಟ್ಟುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾ ಈ ಕಾವಿಗೆ ಉಬ್ಬಿ, ಬೆನ್ನು ಬಿರಿಯುತ್ತದೆ. ಬ್ಯಾಟರಿಯ ಬದಲು ಕಾವು ತಡೆಯುವ ಸೂಪರ್ ಕೆಪಾಸಿಟರ್ ಇರುವುದನ್ನೇ ಕೊಳ್ಳಿ. ಇಂಗ್ಲೆಂಡಿನಲ್ಲಿ ಕಾರು ನಿಲ್ಲುವುದು ಬೀದಿಯಲ್ಲಿ, ರಾತ್ರಿಯಿಡೀ ಪಾರ್ಕಿಂಗ್ ಮೋಡ್ ಬೇಕಾಗುತ್ತದೆ, ತಂಪು ಹವೆಗೆ ಕ್ಯಾಮೆರಾ ತಡೆಯುತ್ತದೆ. ನಮ್ಮಲ್ಲಿ ಹಗಲು ಬಿಸಿಲಿನಲ್ಲಿ ಅದನ್ನು ಹಚ್ಚಿಡುವುದು ಕ್ಯಾಮೆರಾ, ಬ್ಯಾಟರಿ ಎರಡಕ್ಕೂ ಕೇಡು. ಲೆಕ್ಕ ನೋಡಿ: ಪಾರ್ಕಿಂಗ್ ಮೋಡಿನಲ್ಲಿ 0.25 ಆಂಪ್ ಎಳೆದರೆ ದಿನಕ್ಕೆ 6 ಆಂಪ್-ಅವರ್. ಚಿಕ್ಕ ಪೆಟ್ರೋಲ್ ಕಾರಿನ 35 ಆಂಪ್-ಅವರ್ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ. ಕಾರನ್ನು ಹೊಸಪೇಟೆ ಸ್ಟೇಷನ್ನಿನಲ್ಲಿ ಬಿಟ್ಟು ಹಂಪಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಸೆಲ್ಫ್ ತಿರುಗದಿರಬಹುದು. ಪಾರ್ಕಿಂಗ್ ಮೋಡ್ ಬೇಕೇ ಬೇಕು ಎನ್ನುವವರು ಕಟ್-ಆಫ್ (ಬ್ಯಾಟರಿ ಇಷ್ಟಕ್ಕೆ ಇಳಿದರೆ ಕ್ಯಾಮೆರಾ ತಾನೇ ಬಂದ್ ಆಗುವ ಮಟ್ಟ) 12.4 ವೋಲ್ಟಿಗೆ ಇಡಿ, 12.2ಕ್ಕಿಂತ ಕೆಳಗೆ ಬೇಡ. ಬೇಸಿಗೆಯಲ್ಲಿ ರಾತ್ರಿಗೆ ಮಾತ್ರ ಹಚ್ಚಿ. ನನ್ನನ್ನು ಕೇಳಿದರೆ ಹಳದಿ ತಂತಿಯನ್ನೂ ಕೆಂಪಿನ ಜೊತೆಗೇ ಸೇರಿಸಿ, ಕೀ ತೆಗೆದೊಡನೆ ಕ್ಯಾಮೆರಾ ಮಲಗಲಿ.

ಅಂಟಿಸುವ ಕೆಲಸಕ್ಕೂ ಬಿಸಿಲೇ ಅಡ್ಡಿ. ಕ್ಯಾಮೆರಾವನ್ನು ಗಾಜಿಗೆ ಹಿಡಿಸುವ ವಿಎಚ್‌ಬಿ ಜಾತಿಯ ಎರಡು ಬದಿ ಅಂಟಿನ ಟೇಪು ಹಿಡಿಯಲು ಗಾಜು 21ರಿಂದ 38 ಡಿಗ್ರಿಯೊಳಗೆ ಇರಬೇಕು, ಪೂರ್ತಿ ಬಲ ಬರಲು 72 ತಾಸು. ಹಾಗಾಗಿ ಬೆಳಗಿನ ಹೊತ್ತು ನೆರಳಲ್ಲಿ ಅಂಟಿಸಿ. ಅದಕ್ಕೂ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಗಾಜು ಒರೆಸಬೇಕು. ವಾಟರ್ ಸರ್ವಿಸಿನಲ್ಲಿ ಡ್ಯಾಶ್‌ಬೋರ್ಡಿಗೆ ಬಳಿಯುವ ಸಿಲಿಕೋನ್ ಪಾಲಿಶಿನ ಜಿಡ್ಡು ಗಾಜಿಗೂ ಹತ್ತಿರುತ್ತದೆ, ಅದರ ಮೇಲೆ ಯಾವ ಟೇಪೂ ನಿಲ್ಲದು. ಅದೇ ಪಾಲಿಶಿನ ಹೊಳಪು ಗಾಜಿನಲ್ಲಿ ಪ್ರತಿಫಲಿಸಿ ಮುಂದಿನ ಗಾಡಿಯ ನಂಬರ್ ಪ್ಲೇಟನ್ನೇ ಮುಚ್ಚುತ್ತದೆ. ಪಾಲಿಶ್ ಬೇಡ ಎಂದು ಬಾಯಿಬಿಟ್ಟು ಹೇಳಿ. ಎಡಾಸ್ (ಲೇನ್, ಬ್ರೇಕಿನ ಬಗ್ಗೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ) ಇರುವ ಕಾರಿನಲ್ಲಿ ಕಂಪನಿಯ ಕ್ಯಾಮೆರಾ ನೋಡುವ ಜಾಗಕ್ಕೆ ಅಡ್ಡ ಬರದಂತೆ, ಅದರ ಬ್ರಾಕೆಟ್ ಅಲುಗದಂತೆ ಕೂರಿಸಬೇಕು. ಅಲುಗಿದರೆ ಮತ್ತೆ ಕ್ಯಾಲಿಬ್ರೇಷನ್ (ಕ್ಯಾಮೆರಾದ ನೋಟವನ್ನು ಸರಿಹೊಂದಿಸುವುದು) ಮಾಡಿಸದೆ ಲೇನ್, ಬ್ರೇಕಿನ ಎಚ್ಚರಿಕೆಗಳನ್ನು ನಂಬುವಂತಿಲ್ಲ.

ಹಿಂದಿನ ಕ್ಯಾಮೆರಾದ ತಂತಿ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೇ ಹಾಯಬೇಕು. ಬೀಡಿಂಗ್ ಎತ್ತಿ ನುಗ್ಗಿಸಿದರೆ ಆ ಸಂದಿನಿಂದ ಅದಿರಿನ ಕೆಂಪು ದೂಳು ಒಳಗೆ ಬರುತ್ತದೆ, ಬಾಗಿಲು ಬಡಿದು ಬಡಿದು ತಂತಿಯೂ ತುಂಡಾಗುತ್ತದೆ.

ಮೆಮೊರಿ ಕಾರ್ಡ್ ಹೈ ಎಂಡ್ಯುರೆನ್ಸ್ ಇರಲಿ, ಅಂದರೆ ಮತ್ತೆ ಮತ್ತೆ ಬರೆದು ಅಳಿಸುವುದನ್ನು ತಾಳುವಂಥದ್ದು. ಸೆಕೆಂಡಿಗೆ 20 ಮೆಗಾಬಿಟ್ ದರದಲ್ಲಿ ಗಂಟೆಗೆ 9 ಜಿಬಿ, ಅಂದರೆ 128 ಜಿಬಿಯಲ್ಲಿ 14 ಗಂಟೆ.

ಕೊನೆಗೆ ಸಮಯದ ಮಾತು. ಬಹಳ ಕ್ಯಾಮೆರಾಗಳು ಬೇರೆ ದೇಶದ ಗಡಿಯಾರ ಹೊತ್ತೇ ಬರುತ್ತವೆ. ಅದನ್ನು +5:30ಕ್ಕೆ ತಿರುಗಿಸದಿದ್ದರೆ ರಾತ್ರಿಯ ಅಪಘಾತದ ವಿಡಿಯೊ ಮೇಲೆ ಮರುದಿನದ ಸಮಯ ಬಿದ್ದಿರಬಹುದು. ಬ್ರಿಟನ್ನಿನಲ್ಲಿ 2016ರಲ್ಲಿ ಉತ್ತರ ವೇಲ್ಸ್ ಪೊಲೀಸರು ಆಪರೇಷನ್ ಸ್ನ್ಯಾಪ್ ಶುರು ಮಾಡಿದರು, ಜನರು ವಿಡಿಯೊವನ್ನು ನೇರ ಪೊಲೀಸರಿಗೇ ಕಳಿಸುತ್ತಾರೆ. ನಮ್ಮ ಜಿಲ್ಲೆಗಳಿಗೂ ಅಂಥದ್ದು ಬೇಕೆಂದು ನನ್ನ ಒತ್ತಾಯ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿಡಿಯೊದ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಚೂರು ಬದಲಾದರೂ ಇದು ಬದಲಾಗುತ್ತದೆ) ಇರಬೇಕು. ಆದ್ದರಿಂದ ಘಟನೆಯಾದೊಡನೆ ಫೈಲ್ ಲಾಕ್ ಮಾಡಿ, ಕಾರ್ಡ್ ಹೊರಗೆ ತೆಗೆದು ಹಾಗೇ ಇಡಿ, ಬೇರೆ ಕಾರ್ಡ್ ಹಾಕಿ ಓಡಾಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದರ ಹ್ಯಾಶ್ ಮೂಲದ ಜೊತೆ ಹೊಂದುವುದಿಲ್ಲ.