ಒಂದೇ ಮನೆಯವರ ಹಾಗೆ ಇದ್ವಂತೆ!

"ಆಗ ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ವಿ." ಭಾನುವಾರ ಮಾಟುಂಗಾದಲ್ಲಿ ಬಾಳೆಲೆ ಮುಂದೆ ಕೂತು ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕ ಇಲ್ಲ. ಸಾರು ಬರುವ ಹೊತ್ತಿಗೆ ತಲೆ ಕೆಟ್ಟಿತ್ತು. ಮಜ್ಜಿಗೆ ಬರುವ ಹೊತ್ತಿಗೆ ಬಾಯಿ ಬಿಟ್ಟೆ. ಅವತ್ತಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ. ಗುಲಾಬಿ ಹೂವಿನ ಶುಭೋದಯಗಳು ಮಾತ್ರ ತಪ್ಪದೆ ಬರುತ್ತಿವೆ.

ನಾನು ಗೂಗಲ್‌ನ ಹಳೇ ಸೋಶಿಯಲ್ ಮೀಡಿಯಾ ಆರ್ಕುಟ್ ಕಾಲದವಳು ಅಂತ ಇಲ್ಲಿರುವ ಹಳಬರಿಗೆ ಗೊತ್ತು. ಮುಂಬೈ ಕನ್ನಡಿಗರ ಆ ಒಂದು ಕಮ್ಯುನಿಟಿಯಲ್ಲಿ ನಾನು ಎಷ್ಟು ರಾತ್ರಿ ಹಾಳು ಮಾಡಿದ್ದೇನೆ ಅಂತಲೂ ಗೊತ್ತು. ಆ ಹಳೇ ಮಂದಿಯೇ ಭಾನುವಾರ ಸೇರಿದ್ದು. ಜಾಗ, ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಬೋರ್ಡಿಂಗ್. 1942ರಿಂದ ಇದೆ, ಊಟ ಇವತ್ತಿಗೂ ಭೇಷ್. ಊಟದ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ಎಲೆ ಮುಂದೆ ಕೂತಿದ್ದವರ ಮೇಲೆ.

ಖುಷಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. 2004ರಲ್ಲಿ ಆರ್ಕುಟ್ ಶುರುವಾದಾಗ ಒಳಗೆ ಹೋಗಲು ಯಾರಾದರೂ ಕರೆಯಬೇಕಿತ್ತು, ನೆನಪಿದೆಯಾ? ಇನ್ವಿಟೇಷನ್ ಸಿಕ್ಕಿದವರು ಆಫೀಸಿನಲ್ಲಿ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದರು. ಡೊಂಬಿವಲಿ ಸ್ಟೇಷನ್ ಹೊರಗಿನ ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಕೂರುತ್ತಿದ್ದೆ. ಅಲ್ಲಿನ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಕನ್ನಡ ತೆರೆದರೆ ಬರೀ ಚೌಕ ಡಬ್ಬಿಗಳು. ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ಹಾಕಿ, ವಿಂಡೋಸ್ ಸಿಡಿ ತುರುಕಿದರೆ ಸರಿಹೋಗುತ್ತಿತ್ತು. ಆದರೆ ಕೆಫೆಯವನು ಸಿಡಿ ಕೊಡಬೇಕಲ್ಲ! ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಕನ್ನಡ. ಅದರಲ್ಲೇ ಧಾರವಾಡ, ಮಂಗಳೂರು, ಕಲಬುರಗಿ ಎಲ್ಲ ಒಂದಾಗಿತ್ತು. ಬಾಡಿಗೆ ರೂಮ್ ಹುಡುಕಿಕೊಟ್ಟವರಿದ್ದರು, ಕೆಲಸ ಕೊಡಿಸಿದವರಿದ್ದರು. ಸರ್ವರ್ ಕೆಟ್ಟಾಗ ಬರುತ್ತಿದ್ದ ಆ "ಡೋನಟ್ ಇಲ್ಲ" ಅನ್ನುವ ಸಂದೇಶಕ್ಕೆ ಬೈದುಕೊಂಡು ಮತ್ತೆ ಮತ್ತೆ ಬಟನ್ ಒತ್ತಿದ್ದೇವೆ. ಇದೆಲ್ಲ ನಿಜ. ನನಗೂ ನೆನಪಾದರೆ ನಗು ಬರುತ್ತದೆ.

ಆದರೆ ಒಂದೇ ಮನೆ? ಯಾರ ಮನೆ ಸ್ವಾಮಿ?

ನನ್ನ ಕಥೆ ಮೊದಲು. ಆಗ ನನ್ನ ಪ್ರೊಫೈಲಿನಲ್ಲಿ ಹೆಸರಿನ ಎರಡು ಇನಿಷಿಯಲ್ ಮಾತ್ರ ಇದ್ದವು. ಫೋಟೋ ಜಾಗದಲ್ಲಿ ದಾಸವಾಳ. ಎಲ್ಲರೂ ನನ್ನನ್ನು ಗಂಡಸು ಅಂದುಕೊಂಡಿದ್ದರು. ಬೆಳಗಾವಿ ವಿಷಯಕ್ಕೆ ಬರೆದರೆ "ಸರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ" ಅನ್ನುತ್ತಿದ್ದರು. ಒಂದು ದಿನ ಯಾವುದೋ ಮಾತಿಗೆ "ನನ್ನ ಗಂಡ" ಅಂತ ಬರೆದೆ. ಮುಗಿಯಿತು. ಮರುದಿನದಿಂದ ಸ್ಕ್ರ್ಯಾಪ್‌ಬುಕ್ (ನಮ್ಮ ಪ್ರೊಫೈಲಿನಲ್ಲಿ ಬೇರೆಯವರು ಸಂದೇಶ ಬರೆಯುವ ಪುಟ) ತುಂಬಾ "ಊಟ ಆಯ್ತಾ ಮೇಡಂ", "ಫ್ರೆಂಡ್‌ಶಿಪ್ ಮಾಡ್ತೀರಾ". ಗಂಡ ಇದ್ದಾನೆ ಅಂತ ಬರೆದದ್ದಕ್ಕೇ ಸಿಕ್ಕಿಬಿದ್ದವಳಿಗೆ ಫ್ರೆಂಡ್‌ಶಿಪ್! ಬೆಳಗಾವಿ ಬಗ್ಗೆ ನನ್ನ ಅಭಿಪ್ರಾಯ ಆಮೇಲೆ ಒಬ್ಬರಿಗೂ ಬೇಕಾಗಲಿಲ್ಲ. ನಿಜ ಹೇಳಲಾ? ಆ "ಸರ್" ಕಾಲವೇ ನನಗೆ ಆರ್ಕುಟ್‌ನ ಸುಖದ ಕಾಲ.

ನನ್ನದು ಬಿಡಿ, ನಕ್ಕು ಮರೆಯುವಂಥದ್ದು. ನನಗೆ ಸಿಟ್ಟು ಬಂದದ್ದು ನಮ್ಮ ಕಮ್ಯುನಿಟಿಯಲ್ಲಿದ್ದ ಮುಲುಂಡಿನ ಅಕ್ಕನ ವಿಷಯಕ್ಕೆ.

2005ರ ಜುಲೈ 26. ಸಾಂತಾಕ್ರೂಝ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ರೈಲು ನಿಂತಿತ್ತು, ಮೊಬೈಲ್ ಸಿಗುತ್ತಿರಲಿಲ್ಲ, ಅರ್ಧ ಊರಿಗೆ ಕರೆಂಟ್ ಇರಲಿಲ್ಲ. ಅಕ್ಕನ ಮನೆಯಲ್ಲಿ ಕರೆಂಟ್ ಇತ್ತು, ಲ್ಯಾಂಡ್‌ಲೈನ್ ಇತ್ತು. ದುಬೈಯಿಂದ, ಬೆಂಗಳೂರಿನಿಂದ, ಅಮೆರಿಕದಿಂದ ಜನ ಕಮ್ಯುನಿಟಿಯಲ್ಲಿ ಕೇಳುತ್ತಿದ್ದರು. ನಮ್ಮ ಅಪ್ಪ ಕಲಿನಾದಲ್ಲಿದ್ದಾರೆ. ತಮ್ಮ ಕುರ್ಲಾ ಹೋಟೆಲ್‌ನಲ್ಲಿದ್ದಾನೆ. ಏನಾದರೂ ಗೊತ್ತಾಯ್ತಾ? ಆಕೆ ಇಂಟರ್‌ನೆಟ್ ಕಟ್ ಮಾಡಿ ಫೋನ್ ಹಚ್ಚುವುದು, ಸಿಕ್ಕಿದ ಸುದ್ದಿ ಇಟ್ಟುಕೊಂಡು ಮತ್ತೆ ಡಯಲ್-ಅಪ್ ಹಾಕಿ ಬರೆಯುವುದು. ಒಂದೇ ಲೈನು, ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ಬೆಳಗಿನವರೆಗೆ ಇದೇ ಕೆಲಸ. "ಇವರು ಆಫೀಸಿನಲ್ಲೇ ಉಳಿದಿದ್ದಾರೆ, ಕ್ಷೇಮ." "ಇವರ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ, ಮತ್ತೆ ಮಾಡುತ್ತೇನೆ." ನನ್ನ ಮೈದುನನ ಸುದ್ದಿ ನಮ್ಮ ಮನೆಗೆ ಬಂದದ್ದು ಆಕೆಯ ಫೋನಿನಿಂದಲೇ.

ಭಾನುವಾರ ಈ ಕಥೆಯನ್ನು ಎಲ್ಲರೂ ಹೇಳಿದರು. ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು. "ಆ ರಾತ್ರಿ ನಮ್ಮ ಕಮ್ಯುನಿಟಿ ಏನು ಕೆಲಸ ಮಾಡಿತ್ತು ಗೊತ್ತಾ!" ಕಮ್ಯುನಿಟಿ ಮಾಡಿತ್ತಂತೆ. ಅಕ್ಕನ ಹೆಸರು ಒಬ್ಬರ ಬಾಯಲ್ಲೂ ಇಲ್ಲ.

ಯಾಕೆ ಇಲ್ಲ ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಮುಂದೆ ಒಂದು ರಾಜ್ಯೋತ್ಸವದ ಹೊತ್ತಿಗೆ ಆಕೆ ಸರಳವಾದ ಒಂದು ಪ್ರಶ್ನೆ ಕೇಳಿದ್ದರು. ಇಲ್ಲಿ ಹಳದಿ-ಕೆಂಪು ಬಾವುಟ ಹಾಕಿದವರಲ್ಲಿ ಎಷ್ಟು ಜನರ ಮಕ್ಕಳು ಮುಂಬೈಯ ಕನ್ನಡ ಶಾಲೆಗೆ ಹೋಗುತ್ತಾರೆ? ಹಗಲು ಹೋಟೆಲ್‌ನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಅಪ್ಪಂದಿರ ಮಕ್ಕಳು ನಾವು. ಈಗ ಆ ಶಾಲೆಗಳಿಗೆ ಮಕ್ಕಳಿಲ್ಲ, ನಾವೇನು ಮಾಡೋಣ? ಇಷ್ಟೇ ಕೇಳಿದ್ದು.

ಸಾಕಾಯಿತು. ಅಭಿಮಾನಿ ದೇವರುಗಳು ಎದ್ದು ಬಂದರು. ಆಗ ಸ್ಕ್ರ್ಯಾಪ್‌ಬುಕ್ ಯಾರು ಬೇಕಾದರೂ ಓದಬಹುದಿತ್ತು, ಯಾರು ಬೇಕಾದರೂ ಬರೆಯಬಹುದಿತ್ತು. ಅದಕ್ಕೆ, ಫೋಟೋ ಆಲ್ಬಮ್‌ಗೆ ಬೀಗ ಹಾಕುವ ಸೌಲಭ್ಯ ಬಂದದ್ದು ಆಮೇಲೆ. ಆಕೆಯ ಪುಟದಲ್ಲಿ ಏನೇನು ಬರೆದರು ಅಂತ ನಾನು ಇಲ್ಲಿ ಬರೆಯಲಾರೆ. ಫೋಟೋ ಕದ್ದು ಒಂದು ಫೇಕ್ ಪ್ರೊಫೈಲ್ ಮಾಡಿದರು, ಅದರಲ್ಲಿ ಆಕೆಯ ಮನೆ ಫೋನ್ ನಂಬರ್ ಹಾಕಿದರು. ಹೌದು, ಅದೇ ಲ್ಯಾಂಡ್‌ಲೈನ್. ನಮ್ಮ ಮಾಡರೇಟರ್ ಮಹಾಶಯರು ಮಾಡಿದ್ದೇನು? ಆಕೆಯ ಪ್ರಶ್ನೆಯನ್ನೇ ಅಳಿಸಿದರು. "ಶಾಂತಿ ಕಾಪಾಡಿ" ಅಂತ ಒಂದು ಸಾಲು ಹಾಕಿದರು. ಆಕೆ ಅಕೌಂಟ್ ತೆಗೆದು ಹೋದರು. ಶಾಂತಿ ಬಂತು.

ಮಜ್ಜಿಗೆ ಹೊತ್ತಿಗೆ ನಾನು ಎತ್ತಿದ್ದು ಈ ಮಾತನ್ನು. ಉತ್ತರ ಏನು ಬಂತು ಗೊತ್ತಾ? "ಅಕ್ಕಾ, ಇಪ್ಪತ್ತು ವರ್ಷ ಆಗುತ್ತಾ ಬಂತು. ಹಳೇದನ್ನ ಕೆದಕಿ ಏನು ಸಿಗುತ್ತೆ? ಇವತ್ತು ಖುಷಿಯ ದಿನ." ನೋಡಿ, ಇಡೀ ಮಧ್ಯಾಹ್ನ ಹಳೇದನ್ನೇ ಕೆದಕಿದ್ದಲ್ಲವಾ ನಾವು? ಸಿಹಿಯಾಗಿದ್ದರೆ ಅದು ನೆನಪು, ಕಹಿಯಾಗಿದ್ದರೆ ಕೆದಕೋದು. ಚೆನ್ನಾಗಿದೆ. ಇನ್ನೊಬ್ಬರು, "ಆಗ ನಮಗೂ ವಯಸ್ಸು ಚಿಕ್ಕದು, ಇಂಟರ್‌ನೆಟ್ ಅಂದರೇನು ಅಂತಲೇ ಗೊತ್ತಿರಲಿಲ್ಲ" ಅಂದರು. ಒಪ್ಪೋಣ. ಆದರೆ ಇಂಟರ್‌ನೆಟ್ ಗೊತ್ತಿಲ್ಲದವರಿಗೆ ಫೇಕ್ ಪ್ರೊಫೈಲ್ ಮಾಡುವುದು ಹೇಗೆ ಗೊತ್ತಿತ್ತಪ್ಪಾ?

"ಎಲ್ಲ ಅಳಿಸಿಹೋಯಿತು, ನಮ್ಮ ಇತಿಹಾಸವೇ ಹೋಯಿತು" ಅಂತ ಒಂದು ಗೋಳಾಟವೂ ಇತ್ತು. ಅದನ್ನೂ ಹೇಳಿಬಿಡುತ್ತೇನೆ. ಆರ್ಕುಟ್ ಮುಚ್ಚಿದ್ದು 2014ರ ಸೆಪ್ಟೆಂಬರ್ 30ಕ್ಕೆ. ಮುಚ್ಚುತ್ತೇವೆ ಅಂತ ಹೇಳಿದ್ದು ಜೂನ್ 30ಕ್ಕೆ. ನಮ್ಮ ಸ್ಕ್ರ್ಯಾಪು, ಫೋಟೋ, ಟೆಸ್ಟಿಮೋನಿಯಲ್ ಇಳಿಸಿಕೊಳ್ಳಲು ಆಮೇಲೂ 2 ವರ್ಷ ಕೊಟ್ಟಿದ್ದರು. ಕಮ್ಯುನಿಟಿಗಳ ಮಾತುಕತೆಯನ್ನೂ ಸ್ವಲ್ಪ ಕಾಲ ಓದಲು ಇಟ್ಟಿದ್ದರು. ಅಷ್ಟು ಹೊತ್ತಿಗೆ ಈ ಇತಿಹಾಸಪ್ರೇಮಿಗಳೆಲ್ಲ ಫೇಸ್‌ಬುಕ್‌ನಲ್ಲಿ ಜಮೀನು ಉಳುವ ಆಟ ಆಡಿ ಮುಗಿಸಿ ವಾಟ್ಸಾಪ್‌ಗೆ ಬಂದಿದ್ದರು. ಅಳಿಸಿಹೋದದ್ದು ಎಷ್ಟೋ ಜನರಿಗೆ ಅನುಕೂಲವೇ ಆಯಿತು ಅನ್ನುವುದು ನನ್ನ ಗುಮಾನಿ. ಈಗ ಯಾರು ಏನು ಬರೆದಿದ್ದರು ಅಂತ ತೋರಿಸುವವರಿಲ್ಲ.

ಈಗ ಒಂದು ನೆನಪಿನ ಸಂಚಿಕೆ ತರುತ್ತಾರಂತೆ. ತಲೆಗೆ 500 ರೂಪಾಯಿ, ಜೊತೆಗೆ ಒಂದು ಲೇಖನ. ನಾನು ಮನೆಗೆ ಬಂದು ಅವತ್ತು ರಾತ್ರಿಯೇ ಅಕ್ಕನ ಬಗ್ಗೆ ಬರೆದು ಕಳಿಸಿದೆ. ಮಳೆಯ ರಾತ್ರಿಯನ್ನೂ ಬರೆದೆ, ಆಮೇಲಿನದ್ದನ್ನೂ ಬರೆದೆ. ಸಂಪಾದಕರು ಫೋನ್ ಮಾಡಿ, "ಮೊದಲ ಭಾಗ ಅದ್ಭುತ ಅಕ್ಕಾ, ಎರಡನೇ ಭಾಗ ಬಿಡೋಣ, ಸ್ವಲ್ಪ ಪಾಸಿಟಿವ್ ಆಗಿ ಇರಲಿ" ಅಂದರು. ಎರಡನೇ ಭಾಗ ಬಿಟ್ಟರೆ ಮೊದಲನೆಯದನ್ನೂ ಬಿಡಿ ಅಂದೆ. ಯೋಚನೆ ಮಾಡಿ ಹೇಳುತ್ತಾರಂತೆ. ಮಾಡಲಿ. ಅಲ್ಲಿಯವರೆಗೆ ನನ್ನ 500 ರೂಪಾಯಿ ನನ್ನ ಪರ್ಸಿನಲ್ಲೇ ಇರುತ್ತದೆ. ಜಗಳ ಆಡುವವರು ಇಲ್ಲೇ, ಎಲ್ಲರಿಗೂ ಕಾಣುವ ಹಾಗೆ ಆಡಿ. ಇನ್‌ಬಾಕ್ಸ್‌ಗೆ ಬಂದು "ಊಟ ಆಯ್ತಾ ಮೇಡಂ" ಅಂದರೆ ಮಾತ್ರ ಸ್ಕ್ರೀನ್‌ಶಾಟ್ ಹಾಕುತ್ತೇನೆ. ಈಗ ಆ ಸೌಲಭ್ಯ ಇದೆ.